ದೂತನ ಮಾತು ಅರಸನ ಕೊರಳಲ್ಲಿ

ದೂತ ಬಾಯಿ ತೆರೆಯುವ ಮೊದಲೇ ಅವನ ಮಾತನ್ನು ಅರಸ ಹೇಳಿಬಿಟ್ಟ. ಪುತ್ತೂರಿನ ಸಭಾಭವನದಲ್ಲಿದ್ದ ಮುನ್ನೂರು ಮಂದಿ ಮೊದಲು ಕಕ್ಕಾಬಿಕ್ಕಿಯಾದರು, ಆಮೇಲೆ ನಕ್ಕರು.

ನಡೆಯುತ್ತಿದ್ದದ್ದು ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಪೂರ್ವಾಭ್ಯಾಸವಂತೂ ಇಲ್ಲವೇ ಇಲ್ಲ. ಭಾಗವತರು ಹಾಡಿದ ಪದ್ಯಕ್ಕೆ ಎದುರುಬದುರು ಕುಳಿತ ಅರ್ಥಧಾರಿಗಳು ಸ್ಥಳದಲ್ಲೇ ಮಾತು ಹೆಣೆದು ವಾದಿಸಬೇಕು. ಉತ್ತರವಿಲ್ಲದೆ ಕೂತವನು ಸೋತಂತೆ. ಅರಸನಾಗಿದ್ದ ಮಹಾಲಿಂಗ ಭಟ್ಟರು ಆರು ತಿಂಗಳ ಹಿಂದೆ ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ಧ್ವನಿ ಕಳೆದುಕೊಂಡಿದ್ದರು. ಇಂದು ಕೊರಳಿಗೆ ಕಂಠಗ್ರಾಹಿ ಕಟ್ಟಿಕೊಂಡು ಮರಳಿ ಬಂದಿದ್ದರು. ಮುಂದಿನ ತಿಂಗಳ ಸಪ್ತಾಹಕ್ಕೆ ಅವರನ್ನು ಕರೆಯಬೇಕೋ ಬೇಡವೋ ಎಂದು ಸಂಘಟಕರು ಇವತ್ತಿನ ವಾದ ಕೇಳಿಯೇ ತೀರ್ಮಾನಿಸುವವರಿದ್ದರು.

ಕಂಠಗ್ರಾಹಿಯನ್ನು ರೂಪಿಸಿದ್ದು ವಿಜ್ಞಾನಿ ಫ್ಲೇವಿಯಾ ಲೋಬೊ. ಮಾತಾಡಲು ಮಿದುಳು ನಾಲಿಗೆ, ಗಂಟಲಿನ ಸ್ನಾಯುಗಳಿಗೆ ಕಳಿಸುವ ಸೂಕ್ಷ್ಮ ವಿದ್ಯುತ್ತನ್ನು ಅದು ಹಿಡಿದು, ತಂತಿಯಿಲ್ಲದೆ ಗ್ರಾಹಕ ಪೆಟ್ಟಿಗೆಗೆ ಕಳಿಸುತ್ತದೆ. ಪೆಟ್ಟಿಗೆ ಅದನ್ನು ಭಟ್ಟರದೇ ಹಳೆಯ ಧ್ವನಿಯಲ್ಲಿ ನುಡಿಯುತ್ತದೆ. ಪ್ರಯೋಗಾಲಯದಲ್ಲಿ ಅದು ಒಮ್ಮೆಯೂ ತಪ್ಪಿರಲಿಲ್ಲ. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂಬಂತೆ ಇಲ್ಲಿ ಮಾತ್ರ ಹೀಗಾಗಿತ್ತು.

ಚಹಾ ವಿರಾಮ ಕೊಟ್ಟರು. ದೂತನಾಗಿದ್ದ ಸಂಕಪ್ಪ ರೈಗಳ ಮೈಕಿನ ತರಂಗ ಅರಸನ ಪೆಟ್ಟಿಗೆಗೆ ನುಗ್ಗುತ್ತಿದೆಯೆಂದುಕೊಂಡು ಫ್ಲೇವಿಯಾ ಮೊದಲು ತರಂಗಾಂತರ ಬದಲಿಸಿದಳು. ಬ್ಯಾಟರಿ ಬದಲಿಸಿದಳು. ಪೆಟ್ಟಿಗೆಯನ್ನು ವೇದಿಕೆಯ ಹತ್ತಿರಕ್ಕೆ ತಂದಳು. ಸಂಘಟಕರೊಬ್ಬರು ಯಂತ್ರ ಹಳೆಯ ಧ್ವನಿಮುದ್ರಿಕೆಗಳನ್ನೇ ಒದರುತ್ತಿದೆ ಎಂದರು, ಅದೂ ಅಲ್ಲ. ಕೊನೆಗೆ ರೈಗಳ ಮೈಕನ್ನೇ ಬಿಚ್ಚಿಸಿ, ಸುಮ್ಮನೆ ನಾಲ್ಕು ಮಾತು ಹೇಳಲು ಕೇಳಿಕೊಂಡಳು. ರೈಗಳು ಶುರುಮಾಡಿದರು, ನಡುವೆ ಒಂದು ಪದಕ್ಕೆ ತಡವರಿಸಿದರು. ಪೆಟ್ಟಿಗೆ ಆ ಪದವನ್ನು ಸ್ಪಷ್ಟವಾಗಿ ನುಡಿಯಿತು. ತಲೆಬುಡ ತಿಳಿಯದೆ ಫ್ಲೇವಿಯಾ ತಿರುಗಿ ನೋಡಿದಾಗ ಭಟ್ಟರ ತುಟಿ ಅಲುಗುತ್ತಿತ್ತು.

ರೈಗಳು ಚಹಾಕ್ಕೆ ಹೋದ ಮೇಲೆ ಪೆಟ್ಟಿಗೆಯ ಸದ್ದನ್ನು ಪಿಸುಮಾತಿನಷ್ಟು ತಗ್ಗಿಸಿ, ಅವರ ಮಾತನ್ನು ನೀವೇಕೆ ಹೇಳುತ್ತೀರೆಂದು ಕೇಳಿದಳು.

“ಅವನಿಗೆ ಮರೆವು ಶುರುವಾಗಿದೆ ಮಗಾ, ಒಂದೂವರೆ ವರ್ಷ ಆಯ್ತು,” ಎಂದಿತು ಪೆಟ್ಟಿಗೆ. “ನನ್ನ ತುಟಿ ನೋಡಿ ಹೇಳ್ತಾನೆ. ಯಾರಿಗೂ ಗೊತ್ತಿಲ್ಲ. ನನ್ನ ಸ್ವರ ಇದ್ದಾಗ ತುಟಿ ಮಾತ್ರ ಅಲುಗಿಸಿದ್ರೆ ಸಾಕಿತ್ತು. ಈಗ ಈ ನಿನ್ನ ಯಂತ್ರ ಎಲ್ಲವನ್ನೂ ಊರಿಗೇ ಸಾರ್ತದೆ.”

ಸಭೆಗೆ ಹೇಳುವ ಮಾತು ಯಾವುದು, ಗೆಳೆಯನಿಗೆ ಹೇಳುವ ಮಾತು ಯಾವುದು ಎಂದು ಸ್ನಾಯುವಿಗೆ ಗೊತ್ತಿಲ್ಲ, ಯಂತ್ರಕ್ಕೂ ಇಲ್ಲ. ಇದ್ದದ್ದು ಒಂದೇ ದಾರಿ. ಫ್ಲೇವಿಯಾ ಪೆಟ್ಟಿಗೆಯ ಗುಂಡಿ ಅದುಮಿ ಧ್ವನಿ ತಡೆದು ಕೂರುವುದು. ಭಟ್ಟರು ಬೆರಳೆತ್ತಿದಾಗ ಮಾತ್ರ ಧ್ವನಿ ತೆರೆಯುವುದು.

ವಾದ ಮತ್ತೆ ಏರಿತು. ಮೊದಲ ಎರಡು ಪದ್ಯಗಳಿಗೆ ಭಟ್ಟರು ಬೆರಳೆತ್ತಿ ಗುಡುಗಿದರು, ಸಭೆ ಚಪ್ಪಾಳೆ ತಟ್ಟಿತು. ಮೂರನೆಯದಕ್ಕೆ ರೈಗಳ ನೆನಪು ಪೂರ್ತಿ ಕೈಕೊಟ್ಟಿತು. ಭಟ್ಟರ ತುಟಿ ಬಿಡುವಿಲ್ಲದೆ ಅಲುಗಿತು; ಅರಸನನ್ನು ಸೋಲಿಸುವ ಒಂದೊಂದು ಮಾತನ್ನೂ ಅರಸನೇ ದೂತನಿಗೆ ಕೊಟ್ಟ, ರೈಗಳು ಅದನ್ನೇ ನುಡಿದರು. ಭಾಗವತರು ಅರಸನ ಪದ್ಯ ಹಾಡಿದರು. ಫ್ಲೇವಿಯಾ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ರೈಗಳು ಆಗಲೂ ದಿಕ್ಕುಗಾಣದೆ ಗೆಳೆಯನ ತುಟಿಯನ್ನೇ ನೋಡುತ್ತಿದ್ದರು; ಅರಸ ಉತ್ತರಿಸಿದರೆ ಅವರು ಮತ್ತೆ ಮಾತು ಹುಡುಕಬೇಕಿತ್ತು. ಭಟ್ಟರ ಬೆರಳು ಏಳಲಿಲ್ಲ. ತಾನು ಕೊಟ್ಟ ಧ್ವನಿಯನ್ನು ತಾನೇ ಅದುಮಿ ಹಿಡಿದು ಕೂತವಳಿಗೆ ಅಳು ಬಂತು.

ಯಂತ್ರವೇನೋ ಸರಿಹೋಯಿತು, ಆದರೆ ಭಟ್ಟರಲ್ಲಿ ಮೊದಲಿನ ಸರಕಿಲ್ಲ ಎಂದುಕೊಳ್ಳುತ್ತ ಸಂಘಟಕರು ಎದ್ದರು. ಸಪ್ತಾಹಕ್ಕೆ ರೈಗಳನ್ನು ಕರೆದರು.

ರೈಗಳು ಸಂಭ್ರಮದಿಂದ ಫ್ಲೇವಿಯಾಳ ಬಳಿ ಬಂದರು. ಹೇಗೆ ಗೆದ್ದೆನೆಂಬುದು ಅವರಿಗೆ ಆಗಲೇ ಮರೆತಿತ್ತು.

“ನೋಡಿದ್ರಾ ಬಾಯಮ್ಮ, ನಲವತ್ತು ವರ್ಷದಲ್ಲಿ ಭಟ್ರು ನನ್ನ ಎದುರು ಸೋತದ್ದು ಇವತ್ತೇ.”

ಭಟ್ಟರು ಬೆರಳೆತ್ತಿದರು. ಫ್ಲೇವಿಯಾ ಗುಂಡಿ ಬಿಟ್ಟಳು.

“ಹೌದು ರೈಗಳೇ,” ಎಂದಿತು ಅವರ ತುಂಬು ಧ್ವನಿ. “ನನಗೆ ಉತ್ತರವೇ ಹೊಳೀಲಿಲ್ಲ.”