ಮ್ಯಾಪಿನಲ್ಲಿ ಮೇಲಕ್ಕೆ ಹರಿಯುವ ನದಿ

“ಏಯ್, ನಿನ್ನ ನೈಲ್ ನನ್ನ ಕಾಂಗೋ ಒಳಗೆ ನುಗ್ತಿದೆ! ನಿಲ್ಸೇ!” ಏಣಿ ಕೂಗಿದ.

ಮೆಣಸು ಮಗ್ಗನ್ನು ಥಟ್ಟನೆ ಎತ್ತಿದಳು. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಮೇಜಿನ ಮೇಲಿನ ದೊಡ್ಡ ಟ್ರೇಯಲ್ಲಿ ಜೇಡಿಮಣ್ಣಿನಿಂದ ಮಾಡಿದ್ದ ಆಫ್ರಿಕಾ ಖಂಡದ ನಟ್ಟನಡುವೆ ಕೆಸರುನೀರು ಕೆರೆ ಕಟ್ಟಿತ್ತು. ಏಣಿ ಹಸಿರು ದಾರ ಕತ್ತರಿಸಿ ಅಂಟಿಸಿದ್ದ ಕಾಂಗೋ ಕಾಡು ಅದರಲ್ಲಿ ತೇಲುತ್ತಿತ್ತು.

ಆಳು ಚೋಟುದ್ದ, ಮಾತು ಖಾರ. ಅದಕ್ಕೇ ಕ್ಲಾಸಿನವರು ಅವಳಿಗೆ ಮೆಣಸು ಎಂದು ಹೆಸರಿಟ್ಟಿದ್ದರು. ಏಣಿ ಏಕೆ ಏಣಿ ಎಂದು ಅವನನ್ನು ನೋಡಿದರೆ ಸಾಕು, ತಿಳಿಯುತ್ತಿತ್ತು.

“ಸೇರಿ ಮಾಡೋಣ ಅಂತ ನಾನು ಮೊದಲೇ ಹೇಳ್ದೆ. ನೀನೇ ನೈಲ್ ನಂದು, ಮುಟ್ಬೇಡ ಅಂದೆ!” ಎಂದ ಏಣಿ.

“ಉದ್ದ ಬೆಳೆದ್ರೆ ಬುದ್ಧಿ ಬರಲ್ಲ. ಹೋಗೋ!”

ಏಣಿಯ ಮುಖ ಸಪ್ಪಗಾಯಿತು. ಕೈ ಒರೆಸಿಕೊಂಡು ಹೊರಗೆ ಹೋಗಿಬಿಟ್ಟ.

ನಾಳೆ ಬೆಳಿಗ್ಗೆಯೇ ಎಕ್ಸಿಬಿಷನ್. ನೀರು ಸುರಿದರೆ ನದಿಗಳು ಸಮುದ್ರ ಸೇರಬೇಕು ಎಂದು ಟೀಚರ್ ಹೇಳಿದ್ದರು. ಮೆಣಸು ಉತ್ತರದ ಕಡೆ ಇನ್ನಷ್ಟು ಮಣ್ಣು ಮೆತ್ತಿದಳು. ಸುರಿದಳು. ನೀರು ಮತ್ತೆ ಹಿಂದಕ್ಕೇ ಬಂತು.

ಶಾಲೆಯ ಹೊಸ ಬಾತ್‌ರೂಮಿಗೆ ಅವಳ ಚಿಕ್ಕಮ್ಮನೇ ಟೈಲ್ಸ್ ಹಾಕುತ್ತಿದ್ದಳು. ಮೆಣಸು ಅಲ್ಲಿಗೆ ಓಡಿದಳು.

“ಏನೇ, ಮುಖ ಹರಳೆಣ್ಣೆ ಕುಡಿದ ಹಾಗಿದೆ?” ಎನ್ನುತ್ತಾ ಚಿಕ್ಕಮ್ಮ ಕರಣೆ ಕೆಳಗಿಟ್ಟು ಅವಳ ಹಿಂದೆ ಬಂದಳು. ಟ್ರೇ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ಮಣ್ಣಿನ ಮಟ್ಟ ನೋಡಿದಳು.

“ಈ ನದಿ ಎಲ್ಲಿಂದ ಎಲ್ಲಿಗೆ ಹೋಗ್ಬೇಕು?”

“ಇಲ್ಲಿ ದೊಡ್ಡ ಸರೋವರದಿಂದ ಮೇಲಕ್ಕೆ. ಅಂದ್ರೆ, ಉತ್ತರದ ಸಮುದ್ರಕ್ಕೆ.”

“ಮತ್ತೆ ಉತ್ತರದಲ್ಲಿ ಇಷ್ಟೊಂದು ಮಣ್ಣು ಯಾಕೆ ಪೇರಿಸಿದೀಯ?”

“ಮ್ಯಾಪಲ್ಲಿ ಅದು ಮೇಲಿದೆಯಲ್ಲ...”

ಚಿಕ್ಕಮ್ಮ ಗೊಳ್ಳೆಂದು ನಕ್ಕಳು. “ನೀರಿಗೆ ಮ್ಯಾಪ್ ಓದೋಕೆ ಬರುತ್ತೇನೇ? ಅದಕ್ಕೆ ಬೇಕಾಗಿರೋದು ವಾಟ. ಇಳಿಜಾರು. ಹುಟ್ಟೋ ಜಾಗ ಎತ್ತರ ಮಾಡು, ಸಮುದ್ರದ ಕಡೆ ತಗ್ಗಿಸು. ಎರಡು ನದಿ ನಡುವೆ ಒಂದು ದಿಣ್ಣೆ ಎಬ್ಬಿಸು. ಹಸಿಮಣ್ಣು, ಆ ಕಡೆಯಿಂದ ಒಬ್ರು, ಈ ಕಡೆಯಿಂದ ಒಬ್ರು ಒತ್ತಿ ಹಿಡೀಬೇಕು. ಎಲ್ಲಿ ನಿನ್ನ ಜೊತೆಗಾರ?”

ಮೆಣಸು ಅವನನ್ನು ಹುಡುಕಿಕೊಂಡು ಹೊರಗೆ ಓಡಿದಳು.

ಏಣಿ ಗೇಟಿನ ಹತ್ತಿರ ಬ್ಯಾಗ್ ತಗುಲಿಸಿಕೊಂಡು ನಿಂತಿದ್ದ.

“ಹಾಗನ್ನಬಾರದಿತ್ತು ಕಣೋ. ಬಾ, ಬೆಟ್ಟ ಕಟ್ಬೇಕು.”

“ನಂಗೆ ಬುದ್ಧಿ ಇಲ್ವಲ್ಲ.”

“ನಂಗೂ ಇಲ್ಲ. ಚಿಕ್ಕಮ್ಮನ್ನ ಬೇಕಾದ್ರೆ ಕೇಳು.”

ಏಣಿಗೆ ನಗು ತಡೆಯಲಾಗಲಿಲ್ಲ.

ಉತ್ತರದ ಮಣ್ಣು ತಗ್ಗಿತು, ನಾಲ್ಕು ಕೈಗಳ ನಡುವೆ ದಿಣ್ಣೆ ಎದ್ದಿತು. ಅದರ ನೆತ್ತಿಯ ಮೇಲೆ ಮೆಣಸು ನೀರು ಸುರಿದಳು. ಒಂದೇ ಮಗ್ಗಿನ ನೀರು ಎರಡಾಯಿತು. ಪಡುವಣಕ್ಕೆ ಹೋದದ್ದು ಕಾಂಗೋ ಕಾಡಿನ ದಾರಗಳ ನಡುವೆ ಸುತ್ತಿ ಬಳಸಿ ಹೋಯಿತು. ಉತ್ತರಕ್ಕೆ ಹೋದದ್ದು ಮರಳುಗಾಡಿಗೆ ಇಳಿಯಿತು.

“ಅಲ್ಲಿ ಮಳೇನೇ ಬರಲ್ವಂತೆ,” ಎಂದ ಏಣಿ ಪಿಸುದನಿಯಲ್ಲಿ.

“ಹಾಗಾದ್ರೆ ಅಲ್ಲಿ ಹೊಲ ಹೇಗೆ...” ಮೆಣಸು ಮಾತನ್ನು ಅರ್ಧಕ್ಕೇ ನಿಲ್ಲಿಸಿದಳು. ಅವಳ ಬೆರಳು ಇನ್ನೂ ದಿಣ್ಣೆಯ ಮೇಲಿತ್ತು. ಅಲ್ಲಿಂದ ಒಣಮರಳಿನ ಉದ್ದಕ್ಕೂ ನೋಡಿದಳು. ನಡುವೆ ಎಲ್ಲಿಂದಲೂ ಹೊಸ ನೀರು ಸೇರುತ್ತಿರಲಿಲ್ಲ. ಎತ್ತರದಲ್ಲಿ ಬಿದ್ದ ಮಳೆನೀರೇ ಅಷ್ಟು ದೂರ ಹೋಗಿ ಹೊಲ ಮುಟ್ಟಬೇಕಿತ್ತು.

ನೂಲಿನಷ್ಟು ಸಣ್ಣಗಾಗಿ ನೀರು ಅರ್ಧ ದಾರಿಯಲ್ಲಿ ನಿಂತಿತು.

“ಈ ಸಲ ನೀನು ಸುರಿ. ನಿಧಾನಕ್ಕೆ,” ಎಂದು ಮೆಣಸು ಮಗ್ಗನ್ನು ಏಣಿಗೆ ಕೊಟ್ಟಳು.

ನೂಲು ಮತ್ತೆ ಹೊರಟಿತು. ಇಬ್ಬರೂ ಗಲ್ಲವನ್ನು ಮೇಜಿಗೆ ಆನಿಸಿ, ಅದು ಸಮುದ್ರ ಮುಟ್ಟುವವರೆಗೂ ಕಾದರು.