ದರ್ಜಿ ಅಂಗಡಿಯ ಹಿಂದಿನ ಕೋಣೆ

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಗೆ ಬಂದ ಟೈರ್ ಅಂಗಡಿಯವನು ಕೂರಿ ಎಂದರೂ ಕೂರಲಿಲ್ಲ. ಹಿಂದಿನ ದಿನ ಸಂಜೆ ಅವನ ಅಪ್ಪ ತೀರಿಕೊಂಡಿದ್ದರು. ಬಸ್ ಡ್ರೈವರ್ ಆಗಿದ್ದವರು, ನಿವೃತ್ತರಾಗಿ ನಾಲ್ಕು ವರ್ಷವಾಗಿತ್ತು. ಸತ್ತದ್ದು ಮನೆಯಲ್ಲಲ್ಲ. ಮಾರುಕಟ್ಟೆ ಬೀದಿಯ ದರ್ಜಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ಗ್ಲಾಸು ಮುಗಿಯುವ ಮೊದಲೇ.

"ಕೊಲೆ ಅಂತಲೇ ಬರ್ಕೊಳ್ಳಿ ಮೇಡಂ," ಎಂದ. "ನಮ್ಮಪ್ಪನಿಗೆ ಕುಡಿಯೋದು ಕಲಿಸಿದ್ದೇ ಆ ದರ್ಜಿ. ಈಗ ಏನೋ ಬೆರೆಸಿ ಕೊಟ್ಟು ಮುಗಿಸಿದಾನೆ."

"ಯಾಕೆ ಮುಗಿಸ್ತಾನೆ?"

"ಅದನ್ನ ನೀವು ಕಂಡುಹಿಡೀಬೇಕು. ನಮ್ಮಮ್ಮನನ್ನ ಕೇಳಿ ಬೇಕಾದ್ರೆ. ನಾಲ್ಕು ವರ್ಷದಿಂದ ಆ ಅಂಗಡಿಗೆ ಹಿಡಿಶಾಪ ಹಾಕ್ತಿದಾರೆ."

ಊರಿನವರು ಇನ್ಸ್‌ಪೆಕ್ಟರಮ್ಮ ಎಂದು ಕರೆಯುತ್ತಿದ್ದ ಠಾಣಾಧಿಕಾರಿ ಎರಡು ದಿನ ಬಂದೋಬಸ್ತ್ ಮುಗಿಸಿ ಆಗಷ್ಟೇ ಕುರ್ಚಿಗೆ ಬಂದಿದ್ದಳು. ಕಣ್ಣಿನ ರೆಪ್ಪೆ ಮಣಭಾರವಾಗಿತ್ತು. ಕುಡಿದು ಸತ್ತ ಮುದುಕರ ಕೇಸು ಅವಳಿಗೆ ಹೊಸದೇನಲ್ಲ. ಚರಂಡಿಗೆ ಬಿದ್ದವರು, ಮೆಟ್ಟಿಲಿನಿಂದ ಉರುಳಿದವರು, ಗೇಟಿನ ಬೀಗ ಹುಡುಕುತ್ತ ಅಲ್ಲೇ ಕುಸಿದವರು. ಎಲ್ಲರ ಜೇಬಿನಲ್ಲೂ ಬಿಪಿ ಮಾತ್ರೆ ಇರುತ್ತಿತ್ತು. ಇದೂ ಅಂಥದ್ದೇ ಇರಬೇಕು, ಬೇಗ ಮುಗಿದರೆ ಮನೆಗೆ ಹೋಗಿ ಮಲಗಬಹುದು ಎಂದುಕೊಂಡಳು. ಎದುರಿಗೆ ಮಗ ನಿಂತಿದ್ದಾನಲ್ಲ, ಹಾಗೆ ಹೇಳಲಾಗುತ್ತದೆಯೇ? ದಫೇದಾರರು ಎಫ್‌ಐಆರ್ ಬರೆದರು, ಮಗ ಸಹಿ ಹಾಕಿದ. ರಾತ್ರಿಯೇ ಆಸ್ಪತ್ರೆ ಸೇರಿದ್ದ ಶವ ಮರಣೋತ್ತರ ಪರೀಕ್ಷೆಗೆ ಹೋಯಿತು.

ಪೊಲೀಸರು ಮಾರುಕಟ್ಟೆ ಬೀದಿ ಮುಟ್ಟುವಷ್ಟರಲ್ಲಿ ಜನ ತಮ್ಮ ತೀರ್ಪು ಕೊಟ್ಟಾಗಿತ್ತು. ಅಂಗಡಿಯ ಗಾಜು ಪುಡಿಪುಡಿಯಾಗಿತ್ತು. ಎಪ್ಪತ್ತು ವರ್ಷದ ದರ್ಜಿ ಹೊಲಿಗೆ ಯಂತ್ರದ ಹಿಂದೆ ಮುದುರಿ ಕೂತಿದ್ದ.

"ನಾನೇನೂ ಮಾಡಿಲ್ಲ ಮೇಡಂ. ಅವನು ನನ್ನ ಗೆಳೆಯ."

"ಆಮೇಲೆ ಮಾತಾಡೋಣ. ಮೊದಲು ಜೀಪು ಹತ್ತಿ. ಇಲ್ಲಿದ್ರೆ ಇವರು ಸುಮ್ನಿರಲ್ಲ."

ಠಾಣೆಯಲ್ಲಿ ಆರೋಪಿಯೋ ಸಾಕ್ಷಿಯೋ ಇನ್ನೂ ಗೊತ್ತಾಗದವರನ್ನು ಕೂರಿಸಲು ಒಂದು ಬೆಂಚಿದೆ. ದರ್ಜಿಯನ್ನು ಅದರ ಮೇಲೆ ಕೂರಿಸಿದರು.

ಹನ್ನೊಂದೂಕಾಲಿಗೆ ಹಿಂದಿನ ಕೋಣೆಯಲ್ಲಿ ಪಂಚನಾಮೆ ಶುರುವಾಯಿತು. ಬಟ್ಟೆ ಚೂರುಗಳ ರಾಶಿ, ತಲೆಯಿಲ್ಲದ ಗೊಂಬೆಯೊಂದು, ಇಸ್ತ್ರಿ ಮೇಜಿನ ಸುತ್ತ ನಾಲ್ಕು ಕುರ್ಚಿ. ಮೇಜಿನ ಮೇಲೆ ಅರ್ಧ ಖಾಲಿಯಾದ ರಮ್ ಬಾಟಲಿ, ಮೂರು ಗ್ಲಾಸು, ಕಾಗದದ ಮೇಲೆ ಹುರಿದ ಕಡಲೆಕಾಯಿ. ನಾಲ್ಕನೆಯ ಗ್ಲಾಸು ನೆಲದಲ್ಲಿ ಒಡೆದು ಬಿದ್ದಿತ್ತು. ಬಾಟಲಿಯ ಮೈಗೆ ಅಳತೆ ಟೇಪಿನ ತುಂಡೊಂದನ್ನು ಅಂಟಿಸಿದ್ದರು. ದಿನಕ್ಕೆ ಇಷ್ಟು ಇಂಚು, ಅದಕ್ಕಿಂತ ಕೆಳಗೆ ಇಳಿಯಬಾರದು ಎಂಬ ಕಟ್ಟುನಿಟ್ಟು.

"ನೋಡಿ ಮೇಡಂ, ಎಷ್ಟು ಶಿಸ್ತು," ಎಂದರು ದಫೇದಾರರು. ಅವರ ನಿವೃತ್ತಿಗೆ ಏಳು ತಿಂಗಳಿತ್ತು. "ಒಂದು ಕುರ್ಚಿ ಬೇರೆ ಖಾಲಿಯಾಯ್ತು. ಅರ್ಜಿ ಹಾಕಲೇನು?"

"ಬಾಯಿ ಮುಚ್ಕೊಂಡು ಬರೀರಿ."

ನಾಲ್ಕು ಕುರ್ಚಿಗಳಲ್ಲಿ ಒಂದು ದರ್ಜಿಯದು, ಒಂದು ಸತ್ತವರದು, ಒಂದು ಹಳೆಯ ಅಂಚೆಯವನದು, ಇನ್ನೊಂದು ನಿವೃತ್ತ ಡ್ರಾಯಿಂಗ್ ಮೇಷ್ಟ್ರದು. ಅಂಚೆಯವನು ಹೆದರಿ ಮಗಳ ಮನೆ ಸೇರಿಕೊಂಡಿದ್ದ. ಮೇಷ್ಟ್ರು ಕರೆಸುವ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದರು.

"ನಾಲ್ಕೂ ಜನ ಇದೇ ಬಾಟ್ಲಿಂದ ಕುಡಿದ್ರಾ?"

"ಇದೇ ಬಾಟ್ಲು. ಬಗ್ಗಿಸಿದ್ದು ನಾನೇ."

"ಮಿಕ್ಕವರಿಗೆ ಏನೂ ಆಗಿಲ್ವಾ?"

"ಆಗಿದ್ರೆ ಹಿಂಗೆ ನಿಂತು ಮಾತಾಡ್ತಿದ್ನಾ ತಾಯಿ?"

"ಅವರಿಗೆ ಏನಾಯ್ತು?"

"ಅರ್ಧ ಗ್ಲಾಸೂ ಮುಗಿಸಿರಲಿಲ್ಲ. ಮುಖ ಕಾದ ಹೆಂಚಿನ ಹಂಗೆ ಕೆಂಪಗಾಯ್ತು. ಎದೆ ಹೊಡ್ಕೋತಿದೆ ಅಂದ. ವಾಂತಿ ಮಾಡ್ಕೊಂಡ. ಗೋಡೆಗೆ ಒರಗಿದವನು ಮತ್ತೆ ಏಳಲೇ ಇಲ್ಲ." ಮೇಷ್ಟ್ರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಹೋದ ವಾರವೂ ಹಿಂಗೇ ಆಗಿತ್ತು. ಆವತ್ತು ಹೆಂಗೋ ಎದ್ದು ಮನೆಗೆ ಹೋದ. ಆಮೇಲೆ ಸ್ವಲ್ಪ ದಿನ ಈ ಕಡೆ ತಲೆ ಹಾಕಿರಲಿಲ್ಲ."

"ಕುಡಿಯೋದು ಕಲಿಸಿದ್ದು ದರ್ಜಿನಾ?"

"ಯಾರೂ ಕಲಿಸಲಿಲ್ಲಮ್ಮ. ಸರ್ವೀಸಿನಲ್ಲಿ ಇರೋವರೆಗೂ ಅವನು ತೊಟ್ಟು ಮುಟ್ಟಿದವನಲ್ಲ. ಡಿಪೋದಲ್ಲಿ ದಿನಾ ಬೆಳಿಗ್ಗೆ ಕೊಳವೆ ಊದಿಸ್ತಿದ್ರಂತೆ. ರಿಟೈರ್ ಆದ ವಾರ ಪ್ಯಾಂಟು ಹೊಲಿಸೋಕೆ ಬಂದ. ನಾವು ಕೂತಿದ್ವಿ, ಒಂದು ಕುರ್ಚಿ ಖಾಲಿ ಇತ್ತು. ಕೂತ, ಅಷ್ಟೇ. ವಯಸ್ಸಾದವರ ಹೃದಯಕ್ಕೆ ಸ್ವಲ್ಪ ಒಳ್ಳೇದು ಅಂತ ಯಾರೋ ಡಾಕ್ಟರು ಹೇಳಿದ್ರಲ್ಲ."

"ಯಾವ ಡಾಕ್ಟರು?"

ಮೇಷ್ಟ್ರಿಗೆ ಗೊತ್ತಿರಲಿಲ್ಲ. ಆ ಡಾಕ್ಟರು ಯಾರೆಂದು ಈವರೆಗೆ ಯಾವ ಕುಡುಕನಿಗೂ ಗೊತ್ತಾಗಿಲ್ಲ.

ಮಧ್ಯಾಹ್ನ ಎರಡೂವರೆಗೆ ಸತ್ತವರ ಮನೆ. ಟೈರ್ ಅಂಗಡಿಯವನ ಅಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದರು. ಸಣ್ಣ ಜೀವ, ಕೈಯಲ್ಲಿ ಪಾತ್ರೆ ಒರೆಸುವ ಬಟ್ಟೆ ಹಾಗೇ ಇತ್ತು. ಗಂಡನಿಗೆ ಏನೇನು ಕಾಯಿಲೆ, ಎಷ್ಟು ಹೊತ್ತಿಗೆ ಹೊರಟರು, ಏನು ತಿಂದಿದ್ದರು ಎಂದು ಕೇಳಿದ್ದಕ್ಕೆಲ್ಲ ಒಂದೊಂದೇ ಮಾತಿನ ಉತ್ತರ ಬಂತು. ಇನ್ಸ್‌ಪೆಕ್ಟರಮ್ಮ ಏಳುವ ಹೊತ್ತಿಗೆ ಆಕೆ ತಾವಾಗಿಯೇ ಬಾಯಿ ಬಿಟ್ಟರು.

"ದರ್ಜಿಯವರನ್ನ ಬಿಟ್ಟುಬಿಡಿ ತಾಯಿ. ಪಾಪ, ಅವರದ್ದೇನೂ ತಪ್ಪಿಲ್ಲ."

ಜೀಪಿನಲ್ಲಿ ಆ ಮಾತು ಇನ್ಸ್‌ಪೆಕ್ಟರಮ್ಮನ ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಕಾಡಿತು. ನಾಲ್ಕು ವರ್ಷ ಹಿಡಿಶಾಪ ಹಾಕಿದ ಹೆಂಗಸು. ಗಂಡನ ಹೆಣ ಇನ್ನೂ ಮನೆಗೆ ಬಂದಿಲ್ಲ. ಅಷ್ಟರಲ್ಲೇ ದರ್ಜಿ ಪಾಪದವನಾದನೇ? ತಪ್ಪಿಲ್ಲ ಎಂದು ಆಕೆಗೆ ಹೇಗೆ ಗೊತ್ತು? ಹಾಳಾದ ಕೇಸು, ಸುಮ್ಮನೆ ಮಲಗಲೂ ಬಿಡುವುದಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಬುಧವಾರ ಬೆಳಿಗ್ಗೆ ಮೇಲಧಿಕಾರಿಗಳ ಫೋನು. ಠಾಣೆ ಮುಂದೆ ಜನ ಸೇರುತ್ತಿದ್ದಾರೆ, ನಾಳೆಯೊಳಗೆ ದರ್ಜಿಯನ್ನು ಕೋರ್ಟಿಗೆ ಹಾಜರುಪಡಿಸಿ ಕೈ ತೊಳೆದುಕೊಳ್ಳಿ ಎಂದರು. ಬೆಂಚಿನ ಮೇಲಿದ್ದ ದರ್ಜಿಗೆ ಅದು ಕೇಳಿಸಿತೋ ಏನೋ, ತಂದಿಟ್ಟ ತಿಂಡಿ ಮುಟ್ಟಲಿಲ್ಲ. ಕೊಲೆ ಆರೋಪ ಹೊತ್ತು ಜೈಲಿಗೆ ಹೋದರೆ ಆ ವಯಸ್ಸಿಗೆ ಆತ ತಿರುಗಿ ಬರುವುದು ಅನುಮಾನವೇ.

ಆಸ್ಪತ್ರೆಯ ಡಾಕ್ಟರು ಕೈ ಒರೆಸಿಕೊಳ್ಳುತ್ತಲೇ ಹೊರಗೆ ಬಂದರು.

"ಹೃದಯ ನಿಂತಿದೆ. ಮಾಮೂಲಿ ವಿಷದ ಗುರುತು ಯಾವುದೂ ಕಾಣಲಿಲ್ಲ. ಆದ್ರೆ ಎರಡು ಸಲವೂ ಮುಖ ಕೆಂಪಗಾಯ್ತು, ವಾಂತಿ ಆಯ್ತು ಅಂದ್ರಲ್ಲ, ಕುಡಿತ ಬಿಡಿಸೋ ಮಾತ್ರೆ ಏನಾದ್ರೂ ತಗೋತಿದ್ರಾ?"

"ಅದರಿಂದ ಸಾಯ್ತಾರಾ?"

"ಮಾತ್ರೆ ಮೈಯಲ್ಲಿರುವಾಗ ಮದ್ಯ ಬಿದ್ರೆ ಮೈ ತಿರುಗಿಬೀಳತ್ತೆ. ವಯಸ್ಸಿನ ಹುಡುಗರು ಒದ್ದಾಡಿ ಬದುಕ್ಕೋಬಹುದು. ಬಿಪಿ ಇರೋ ಮುದುಕರ ಹೃದಯ ಎಲ್ಲಿ ತಡೆಯತ್ತೆ? ರಕ್ತ ಲ್ಯಾಬಿಗೆ ಹೋಗಿದೆ. ವರದಿ ಇವತ್ತು ನಾಳೆಗೆ ಬರಲ್ಲ."

ಸತ್ತವರ ಮನೆಗೆ ಹತ್ತಿರದ ಔಷಧಿ ಅಂಗಡಿ ಎರಡು. ಮೊದಲನೆಯದರಲ್ಲಿ ಅಂಥ ಮಾತ್ರೆ ಇಟ್ಟಿರಲಿಲ್ಲ. ಎರಡನೆಯ ಅಂಗಡಿಯವನು ನೆತ್ತಿಯ ಮೇಲೆ ಕೈಯಿಟ್ಟು ಆಣೆ ಮಾಡಿದ. ದಫೇದಾರರು ಗಲ್ಲಾದ ಹಿಂದೆ ಹೋಗಿ ಒಂದೊಂದೇ ಡ್ರಾಯರ್ ಎಳೆಯತೊಡಗಿದ ಮೇಲೆ ಆಣೆ ನಿಂತಿತು.

"ಡಾಕ್ಟರ ಚೀಟಿ ಇಲ್ಲದೆ ಕೊಟ್ಟೆ ಮೇಡಂ, ತಪ್ಪಾಯ್ತು. ಬಂದು ಅಳ್ತಾರೆ, ಏನು ಮಾಡಲಿ? ತಗೊಳ್ಳೋರೆಲ್ಲ ಹೆಂಗಸರೇ. ಪೆನ್ಷನ್ ಶುರುವಾದ ಮನೆಯವರೇ ಜಾಸ್ತಿ."

"ಡ್ರೈವರ್ ಹೆಂಡತಿ?"

"ಎರಡು ಸಲ ಬಂದಿದ್ರು."

"ಏನು ಹೇಳಿ ಕೊಟ್ಟೆ?"

"ಕುಡಿದ್ರೆ ವಾಂತಿ ಆಗತ್ತೆ, ತಾನಾಗೇ ಅಸಹ್ಯ ಹುಟ್ಟತ್ತೆ ಅಂದೆ."

"ಸಾಯಬಹುದು ಅಂದ್ಯಾ?"

ಅದನ್ನು ಅವನು ಹೇಳಿರಲಿಲ್ಲ. ಅವನನ್ನು ಅಲ್ಲೇ ವಶಕ್ಕೆ ತೆಗೆದುಕೊಂಡು, ಉಳಿದಿದ್ದ ಮಾತ್ರೆಗಳನ್ನು ಪಂಚರ ಮುಂದೆ ಜಪ್ತಿ ಮಾಡಿದರು.

ಅದೆಲ್ಲ ಮುಗಿಸಿ ಸತ್ತವರ ಮನೆ ತಲುಪುವ ಹೊತ್ತಿಗೆ ದೀಪ ಹಾಕಿದ್ದರು. ಮಗ ಅಲ್ಲೇ ಇದ್ದ. ಇನ್ಸ್‌ಪೆಕ್ಟರಮ್ಮ ಸುತ್ತಿ ಬಳಸಿ ಕೇಳಲಿಲ್ಲ. ಅವಳಲ್ಲಿ ಅಷ್ಟು ಶಕ್ತಿಯೂ ಉಳಿದಿರಲಿಲ್ಲ.

"ಅಮ್ಮಾ, ಮಾತ್ರೆ ಎಲ್ಲಿಟ್ಟಿದೀರಿ?"

ಆಕೆ ಎದ್ದು ಉಪ್ಪಿನ ಡಬ್ಬಿಯ ಹಿಂದಿನಿಂದ ಪೊಟ್ಟಣ ತೆಗೆದು ಕೊಟ್ಟರು.

"ಯಾವುದರಲ್ಲಿ ಹಾಕ್ತಿದ್ರಿ?"

"ಬೆಳಗಿನ ಹಾಲಲ್ಲಿ. ಪುಡಿ ಮಾಡಿ."

"ಅಮ್ಮ, ಏನೂ ಹೇಳಬೇಡ!" ಮಗ ಬಾಗಿಲಿನಿಂದ ಕೂಗಿದ. "ಮೇಡಂ, ನಾನು ಕೊಟ್ಟ ಕಂಪ್ಲೇಂಟ್ ವಾಪಸ್ ತಗೋತೀನಿ. ನಮ್ಮಪ್ಪ ಹಾರ್ಟ್ ಅಟ್ಯಾಕಿಂದ ಹೋದ್ರು. ಹಂಗೇ ಬರ್ಕೊಳ್ಳಿ."

"ಬರೆದಾಗಿದೆಯಪ್ಪ. ಅದು ಈಗ ನಿನ್ನ ಕೈಯಲ್ಲೂ ಇಲ್ಲ, ನನ್ನ ಕೈಯಲ್ಲೂ ಇಲ್ಲ."

ಅವನು ಗೋಡೆಗೆ ಒರಗಿ ಹಾಗೇ ಕೆಳಗೆ ಕುಸಿದು ಕೂತ. ಅಮ್ಮ ಹೋಗಿ ಅವನ ತಲೆಯ ಮೇಲೆ ಕೈಯಿಟ್ಟರು.

"ದರ್ಜಿಯವರನ್ನ ಹಿಡಿದಿದ್ದಾರೆ ಅಂದಾಗಲೇ ಬಂದು ಹೇಳಬೇಕಿತ್ತು ತಾಯಿ. ಇವನ ಮುಖ ನೋಡಿ ಕಾಲು ಏಳಲಿಲ್ಲ."

ಸೂರ್ಯ ಮುಳುಗಿದ ಮೇಲೆ ಹೆಂಗಸರನ್ನು ದಸ್ತಗಿರಿ ಮಾಡುವ ಹಾಗಿಲ್ಲ. ಇನ್ಸ್‌ಪೆಕ್ಟರಮ್ಮ ಮಹಿಳಾ ಪೇದೆಯೊಬ್ಬಳನ್ನು ಮನೆಯಲ್ಲಿ ಕಾವಲಿಗೆ ಬಿಟ್ಟು ಠಾಣೆಗೆ ಬಂದು, ದರ್ಜಿಯನ್ನು ಕರೆದು ವಿಷಯ ತಿಳಿಸಿದಳು. ಮನೆಗೆ ಹೋಗಬಹುದು ಎಂದರೂ ಆತ ಕದಲಲಿಲ್ಲ.

"ಹೋದ ವರ್ಷ ಆಕೆ ಒಂದು ಸಲ ಅಂಗಡಿಗೆ ಬಂದಿದ್ರು ಮೇಡಂ. ಇವರನ್ನ ಆರು ಗಂಟೆಗಾದ್ರೂ ಮನೆಗೆ ಕಳಿಸಿಕೊಡಿ ಅಂತ ಕೈಮುಗಿದ್ರು."

"ನೀವೇನಂದ್ರಿ?"

"ನಾಲ್ಕೂ ಜನ ನಕ್ಕುಬಿಟ್ವಿ. ಅವನೂ ನಕ್ಕ."

ಹೇಳಿದವನು ಮುಖ ಮುಚ್ಚಿಕೊಂಡು ಬಿಕ್ಕಿದ. ದಫೇದಾರರಿಗೂ ತಮಾಷೆ ಮಾಡುವ ಮನಸ್ಸಾಗಲಿಲ್ಲ, ಆತನ ತೋಳು ಹಿಡಿದು ರಸ್ತೆಯವರೆಗೆ ಬಿಟ್ಟು ಬಂದರು.

ಗುರುವಾರ ಬೆಳಿಗ್ಗೆ ಏಳು ಗಂಟೆಗೆ ಆಕೆಯನ್ನು ದಸ್ತಗಿರಿ ಮಾಡಲಾಯಿತು. ತಿಳಿಯದಂತೆ ಔಷಧಿ ಕೊಟ್ಟು ಸಾವಿಗೆ ಕಾರಣರಾದ ಆರೋಪ. ಆಕೆ ಸ್ನಾನ ಮಾಡಿ, ಬಟ್ಟೆಯ ಒಂದು ಚೀಲ ಹಿಡಿದು ಸಿದ್ಧವಾಗಿದ್ದರು. ಠಾಣೆಯಲ್ಲಿ ಇನ್ಸ್‌ಪೆಕ್ಟರಮ್ಮ ತಾನೇ ಹೇಳಿಕೆ ತೆಗೆದುಕೊಂಡಳು, ದಫೇದಾರರು ಬರೆದರು.

"ಮೊದಲನೇ ಸಲ ವಾಂತಿ ಆದಾಗ ಹೆದರಿಕೆ ಆಗಲಿಲ್ವಾ?"

"ಆಯ್ತು. ಬೆಳಗಾಗೋವರೆಗೂ ಕೈ ಹಿಡ್ಕೊಂಡು ಕೂತಿದ್ದೆ."

"ಆದ್ರೂ ಮತ್ತೆ ಕೊಟ್ರಿ."

"ಕೊಟ್ಟೆ. ಒಂದಿದ್ದದ್ದನ್ನ ಎರಡು ಮಾಡಿದೆ."

"ಯಾಕಮ್ಮಾ?"

ಆಕೆ ಬಟ್ಟೆಯ ಚೀಲವನ್ನು ಮಡಿಲಿಗೆ ಎಳೆದುಕೊಂಡರು.

"ದೂರದ ರೂಟಿನ ಬಸ್ಸು ತಾಯಿ ಅವರದ್ದು. ಹೋದ್ರೆ ಎರಡು ದಿನ, ಬಂದ್ರೆ ನಿದ್ದೆ. ಆಯುಷ್ಯವೆಲ್ಲ ಒಬ್ಬಳೇ ತಟ್ಟೆ ಹಾಕ್ಕೊಂಡು ಉಂಡೆ. ರಿಟೈರ್ ಆಗಲಿ ಅಂತ ಕಾದೆ. ಆದ್ರು, ಆದ್ಮೇಲೆ ನಾಲ್ಕು ಗಂಟೆಗೆ ಅಂಗಿ ಹಾಕ್ಕೊಂಡು ಹೊರಟುಬಿಡೋರು. ಆವತ್ತು ಕಾಯಿಲೆ ಬಿದ್ರಲ್ಲ, ಮೂರು ದಿನ ಮನೇಲೇ ಇದ್ರು. ಗಂಜಿ ಕುಡಿಸಿದೆ, ಕಾಲು ಒತ್ತಿದೆ. ಸಂಜೆಯೆಲ್ಲ ಕೂತು ಮಾತಾಡಿದ್ವಿ. ಯಾವ್ಯಾವ ಊರಿನ ರಸ್ತೆ ಹೆಂಗಿತ್ತು, ಮಂಜಿನಲ್ಲಿ ಗಾಡಿ ಹೆಂಗೆ ಹೊಡೀತಿದ್ರು, ಎಲ್ಲ ಹೇಳಿದ್ರು. ಅವರು ಅಷ್ಟೊಂದು ಮಾತಾಡ್ತಾರೆ ಅಂತಲೇ ನಂಗೆ ಗೊತ್ತಿರಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಮೈ ಸರಿಹೋಯ್ತು, ಎದ್ದವರೇ ಸಂಜೆಗೆ ಅಂತ ಅಂಗಿ ತೆಗೆದಿಟ್ಕೊಂಡ್ರು. ಸಾಯಲಿ ಅಂತ ಕೊಡಲಿಲ್ಲ ತಾಯಿ, ನನ್ನ ಮಗನ ಆಣೆಗೂ ಇಲ್ಲ. ಇನ್ನೊಂದು ಮೂರು ದಿನ ಹುಷಾರಿಲ್ಲದೆ ಮನೇಲಿರಲಿ ಅಂತ ಕೊಟ್ಟೆ."

ದಫೇದಾರರ ಪೆನ್ನು ನಿಂತಿತ್ತು.

"ಮೇಡಂ, ಉದ್ದೇಶ ಅನ್ನೋ ಕಡೆ ಏನಂತ ಬರೀಲಿ?"

"ಅವರು ಹೇಳಿದ್ದನ್ನೇ ಬರೀರಿ," ಎಂದಳು ಇನ್ಸ್‌ಪೆಕ್ಟರಮ್ಮ.