ಮಾಯುವ ಪೈಪು

ಗೋಡೆಗೆ ಕ್ಯಾಲೆಂಡರ್ ತೂಗುಹಾಕಲೆಂದು ಪ್ರಣತಿ ಹಡಪದ ಮೊಳೆ ಹೊಡೆಯುತ್ತಿದ್ದಳು. ನಾಲ್ಕನೆಯ ಏಟಿಗೆ ಮೊಳೆ ಸಡಿಲಾಗಿ ಕೆಳಗೆ ಬಿತ್ತು. ಅದರ ಬೆನ್ನಿಗೇ ನೀರು ಚಿಮ್ಮಿ ಅವಳ ತೋಳನ್ನೆಲ್ಲ ತೋಯಿಸಿತು. ಗೋಡೆಯೊಳಗಿನ ಪೈಪಿಗೆ ತೂತು ಬಿದ್ದಿತ್ತು. ಅವಳು ಗಾಬರಿಪಡಲಿಲ್ಲ, ಯಾರನ್ನೂ ಕರೆಯಲೂ ಇಲ್ಲ. ಕೆಳಗೊಂದು ಬಕೆಟ್ ಇಟ್ಟು, ಒಳಗೆ ಹೋಗಿ ಒಲೆಯ ಮೇಲೆ ಚಹಾಕ್ಕಿಟ್ಟಳು. ಚಹಾ ಕುದಿಯುವಷ್ಟರಲ್ಲಿ ಚಿಮ್ಮುವ ನೀರು ನೂಲಿನೆಳೆಯಷ್ಟಾಗಿತ್ತು. ಕುಡಿದು ಕಪ್ಪು ತೊಳೆದಿಡುವಾಗ ಹನಿ ಬೀಳುತ್ತಿತ್ತು. ಅರ್ಧ ತಾಸಿನಲ್ಲಿ ತೂತಿನ ಬಾಯಲ್ಲಿ ಸುಣ್ಣದ ಬೊಟ್ಟಿನಂಥ ಬಿಳಿ ಗುರುತೊಂದು ಉಳಿದಿತ್ತು, ಅಷ್ಟೆ. ಕ್ಯಾಲೆಂಡರನ್ನು ಅದರ ಮೇಲೆಯೇ ಅಂಟಿಸಿದಳು. 2064ನೆಯ ಇಸವಿಯ ಯುಗಾದಿಯ ಹಿಂದಿನ ದಿನ ಅದು.

ಆ ಹೊತ್ತಿಗೆ ಗದಗ-ಬೆಟಗೇರಿಯಲ್ಲಿ ಜೀವಲೇಪವಿಲ್ಲದ ಮನೆಗಳು ಬೆರಳೆಣಿಕೆಯಷ್ಟು. ಧಾರವಾಡದ ಪ್ರಯೋಗಾಲಯವೊಂದರಲ್ಲಿ ಡಾ. ಶಮೀಮಾ ನದಾಫ ಎಂಬ ವಿಜ್ಞಾನಿ ಅದನ್ನು ಕಂಡುಹಿಡಿದು ಇಪ್ಪತ್ತು ವರ್ಷವಾಗಿತ್ತು. ಪೈಪಿನ ಒಳಮೈಗೆ ಹಚ್ಚುವ ತೆಳುವಾದ ಲೇಪ ಅದು. ಅದರ ತುಂಬ ನಿದ್ದೆಹೋದ ಸೂಕ್ಷ್ಮಜೀವಿಗಳು. ಪೈಪಿನಲ್ಲಿ ನೀರು ತುಂಬಿರುವವರೆಗೆ ಅವು ಮಲಗಿಯೇ ಇರುತ್ತವೆ. ಎಲ್ಲಾದರೂ ಬಿರುಕು ಬಿಟ್ಟು ಹೊರಗಿನ ಗಾಳಿ ತಾಗಿದರೆ ಎಚ್ಚರಗೊಳ್ಳುತ್ತವೆ. ನೀರಿನಲ್ಲಿ ಕರಗಿರುವ ಸುಣ್ಣವನ್ನು ಹೀರಿ ಕಲ್ಲು ಕಟ್ಟುತ್ತವೆ, ಬಿರುಕು ಮುಚ್ಚಿದೊಡನೆ ಮತ್ತೆ ಮಲಗುತ್ತವೆ. ಗದಗಿನ ನೀರು ಗಡಸು, ಸುಣ್ಣಕ್ಕೆ ಬರವಿಲ್ಲ. ಜನ ಅದನ್ನು ಮಾಯುವ ಪೈಪು ಎಂದು ಕರೆದರು.

ಮಾಯುವ ಪೈಪು ಬಂದಮೇಲೆ ಸೋರಿಕೆ ಎಂಬ ಮಾತೇ ಹಳತಾಯಿತು. ಗೋಡೆಯ ತೇವ, ಒದ್ದೆ ಪ್ಲಾಸ್ಟರು, ಬಾತ್‌ರೂಮು ಸೋರುತ್ತದೆಂದು ಕೆಳಮನೆಯವರ ಜಗಳ, ಎಲ್ಲ ಹೋದವು. ದಿನದ ಇಪ್ಪತ್ತನಾಲ್ಕು ತಾಸೂ ನೀರು ಬರುತ್ತಿದ್ದುದರಿಂದ ಮಾಳಿಗೆಯ ಟಾಕಿಗಳನ್ನೂ ಕೆಡವಿ ಹಾಕಿದರು. ಹೊಸ ಮನೆ ಕಟ್ಟುವವರು ಪೈಪುಗಳನ್ನು ಗೋಡೆಯೊಳಗೆ ಹುದುಗಿಸಿ ಮೇಲೆ ಬಣ್ಣ ಬಳಿದರು. ಎಲ್ಲಿ ಹಾಯ್ದಿವೆ ಎಂದು ಗುರುತು ಹಾಕಿಡುವ ಗೋಜಿಗೆ ಹೋಗಲಿಲ್ಲ. ಪ್ಲಂಬರ್‌ಗಳು ಬೇರೆ ದಂಧೆ ಹಿಡಿದರು. ಪ್ರತಿ ಮನೆಯ ಅಡುಗೆಕೋಣೆಯಲ್ಲಿ ಅಂಗೈಯಗಲದ ಒಂದು ಫಲಕ ಇರುತ್ತಿತ್ತು. ಎಲ್ಲಾದರೂ ಲೇಪ ಎಚ್ಚರವಾದರೆ ಅದರಲ್ಲಿ ಹಸಿರು ಅಕ್ಷರ ಮೂಡುತ್ತಿತ್ತು: ‘ಮಾಯುತ್ತಿದೆ. ಪ್ಲಂಬರ್ ಅಗತ್ಯವಿಲ್ಲ.’

ಪ್ರಣತಿ ಬೆಟಗೇರಿಯ ಸರಕಾರಿ ಶಾಲೆಯಲ್ಲಿ ಟೀಚರು. ಗಂಡ ಶಿವಯೋಗಿ ಪ್ರೆಸ್ಸೊಂದರಲ್ಲಿ ಪುಸ್ತಕಗಳಿಗೆ ಬೈಂಡಿಂಗ್ ಹಾಕುತ್ತಿದ್ದ. ಅವನ ಎರಡೂ ಮೂತ್ರಪಿಂಡ ಕೆಲಸ ನಿಲ್ಲಿಸಿ ಮೂರು ವರ್ಷವಾಗಿತ್ತು. ದಿನ ಬಿಟ್ಟು ದಿನ ಮನೆಯಲ್ಲೇ ಡಯಾಲಿಸಿಸ್. ಮಲಗುವ ಕೋಣೆಯ ಗೋಡೆಗೆ ಜೋಡಿಸಿದ ಯಂತ್ರ ಪೈಪಿನಿಂದ ನೂರಿಪ್ಪತ್ತು ಲೀಟರ್ ನೀರು ಎಳೆದು ಶುದ್ಧಮಾಡಿಕೊಂಡು, ನಾಲ್ಕು ತಾಸಿನಲ್ಲಿ ಅವನ ರಕ್ತ ತೊಳೆದುಕೊಡುತ್ತಿತ್ತು. ಅಷ್ಟು ಹೊತ್ತು ಅವನು ಎಡಗೈ ಚಾಚಿ ಮಲಗಿರುತ್ತಿದ್ದ, ಇವಳು ಪಕ್ಕದಲ್ಲಿ ಕುಳಿತು ಮಕ್ಕಳ ನೋಟ್‌ಬುಕ್ ತಿದ್ದುತ್ತಿದ್ದಳು. ಅದು ಅವರಿಗೆ ರೂಢಿಯಾಗಿ ಹೋಗಿತ್ತು.

ಆ ವರ್ಷದ ಶ್ರಾವಣದಲ್ಲಿ ಹೊಳೆಗೆ ಹಿಂದೆಂದೂ ಕಾಣದಷ್ಟು ನೀರು ಬಂತು. ಊರಿಗೆ ನೀರೆತ್ತುವ ಪಂಪುಗಳು ಹೂಳಿನಡಿ ಹೂತುಹೋದವು. ಹದಿಮೂರು ದಿನ ನಳದಲ್ಲಿ ಹನಿ ನೀರಿಲ್ಲ. ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಲ್ಲುವುದು ಹೇಗೆಂದು ಮುದುಕಿಯರು ಹರೆಯದವರಿಗೆ ಕಲಿಸಿದರು. ಸ್ವಂತ ಬೋರ್‌ವೆಲ್ ಇದ್ದ ಆಸ್ಪತ್ರೆಯೊಂದು ಮನೆಯಲ್ಲಿ ಡಯಾಲಿಸಿಸ್ ಮಾಡಿಕೊಳ್ಳುವವರನ್ನೆಲ್ಲ ಸೇರಿಸಿಕೊಂಡಿತು. ಶಿವಯೋಗಿ ಅಲ್ಲಿಗೆ ಹೋಗಿಬಂದು ದಿನ ದೂಡಿದ. ಹದಿನಾಲ್ಕನೆಯ ದಿನ ಬೆಳಿಗ್ಗೆ ನಳ ಗೊರಗೊರ ಸದ್ದುಮಾಡಿ ಕೆಮ್ಮಿ, ಕೆಂಪು ನೀರು ಕಾರಿ, ಆಮೇಲೆ ತಿಳಿಯಾಗಿ ಹರಿಯಿತು. ಓಣಿಯೆಲ್ಲ ಹಬ್ಬದಂತಾಯಿತು.

ಸಂಜೆಯ ಹೊತ್ತಿಗೆ ಧಾರೆ ಸಣ್ಣಗಾಗಿದ್ದುದನ್ನು ಪ್ರಣತಿ ಕಂಡಳು. ಬಕೆಟ್ಟಿನ ತಳದಲ್ಲಿ ರವೆಯಂಥ ಬಿಳಿ ಹರಳು ಕೂತಿದ್ದವು. ಗೋಡೆಯೊಳಗೆ ಯಾರೋ ಉಗುರಿನಿಂದ ಕೆರೆದಂಥ ಸದ್ದು. ಫಲಕ ನೋಡಿದಳು. ‘ಮಾಯುತ್ತಿದೆ. ಪ್ಲಂಬರ್ ಅಗತ್ಯವಿಲ್ಲ.’ ಹೊಸ ನೀರು ಬಂದಿದೆ, ತಾನಾಗಿ ಸರಿಹೋದೀತು ಎಂದುಕೊಂಡಳು. ಮರುದಿನ ಧಾರೆ ಇನ್ನೂ ಸಣ್ಣಗಾಯಿತು. ಮೂರನೆಯ ದಿನ ಯಂತ್ರ ಚಾಲುಮಾಡಿದಾಗ, ನೀರಿನ ಒತ್ತಡ ಸಾಲದೆಂದು ಹೇಳಿ ಅದು ನಿಂತೇಬಿಟ್ಟಿತು.

ಸಹಾಯವಾಣಿಗೆ ಫೋನ್ ಮಾಡಿದಳು. ಅಲ್ಲಿದ್ದುದು ಯಂತ್ರದ ದನಿ. ನೀರು ಸೋರುತ್ತಿದೆಯೇ, ಗೋಡೆ ಒದ್ದೆಯಾಗಿದೆಯೇ, ಕೆಟ್ಟ ವಾಸನೆ ಇದೆಯೇ ಎಂದು ಮೂರು ಪ್ರಶ್ನೆ ಕೇಳಿತು. ಮೂರಕ್ಕೂ ಇಲ್ಲ ಎನ್ನಬೇಕಾಯಿತು. ನಿಮ್ಮ ಮನೆಯ ಪೈಪುಗಳು ಆರೋಗ್ಯವಾಗಿವೆ ಎಂದು ಹೇಳಿ ದನಿ ನಿಂತಿತು. ಮತ್ತೆ ಮಾಡಿದಳು, ಮತ್ತೆ ಅದೇ ಮೂರು ಪ್ರಶ್ನೆ. ಆಸ್ಪತ್ರೆಗೆ ಓಡಿದರೆ ಅಲ್ಲಿ ಆಗಲೇ ನೂರು ಜನ ಕಾಯುತ್ತಿದ್ದರು. ಅವರೆಲ್ಲರ ಮನೆಯ ಯಂತ್ರಗಳೂ ನಿಂತಿದ್ದವು. ಶಿವಯೋಗಿಗೆ ನಾಳೆಯಲ್ಲ, ನಾಡಿದ್ದಿಗೆ ಪಾಳಿ ಸಿಕ್ಕಿತು, ಅದೂ ನಾಲ್ಕು ತಾಸಿನ ಬದಲು ಎರಡು ತಾಸು. ಪ್ರಣತಿ ಕೊನೆಗೆ, ಫಲಕದ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿದ್ದ ಪ್ರಯೋಗಾಲಯದ ವಿಳಾಸ ಹುಡುಕಿ, ನಡೆದದ್ದನ್ನೆಲ್ಲ ಬರೆದು ಕಳಿಸಿದಳು.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ನಿಂತಿದ್ದರು. ತಾವೇ ಶಮೀಮಾ ನದಾಫ ಎಂದರು. ಇಂಥದೇ ಮುನ್ನೂರು ಪತ್ರ ಬಂದಿದ್ದವಂತೆ. ಎಲ್ಲವನ್ನೂ ವಿವರವಾಗಿ ಬರೆದದ್ದು ಇದೊಂದೇ ಆದ್ದರಿಂದ ಮೊದಲು ಇಲ್ಲಿಗೆ ಬಂದಿದ್ದರು. ಬಕೆಟ್ಟಿನ ತಳದ ಹರಳನ್ನು ಬೆರಳಿಗೆ ಹಚ್ಚಿಕೊಂಡು ಉಜ್ಜಿದರು. ಗೋಡೆಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ, ಗೋಡೆ ಒಡೆದು ಪೈಪು ಕೊಯ್ಯಬಲ್ಲವರು ಊರಿನಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳಿದರು.

ಪಕ್ಕದ ಮನೆಯವರು ಪರಸಪ್ಪನ ಹೆಸರು ಹೇಳಿದರು. ಎಪ್ಪತ್ತನಾಲ್ಕು ವರ್ಷದ ಪರಸಪ್ಪ ಒಂದು ಕಾಲಕ್ಕೆ ಬೆಟಗೇರಿಯ ಅರ್ಧ ಮನೆಗಳಿಗೆ ಪೈಪು ಜೋಡಿಸಿದವನು. ಈಗ ಬಸ್ ಸ್ಟ್ಯಾಂಡಿನ ಬಳಿ ಬಾಳೆಹಣ್ಣು ಮಾರುತ್ತಿದ್ದ. ಅಂಗಡಿ ಮುಚ್ಚಿ, ತುಕ್ಕು ಹಿಡಿದ ಉಳಿ, ಸುತ್ತಿಗೆ, ಗರಗಸ ಚೀಲದಲ್ಲಿ ಹಾಕಿಕೊಂಡು ಬಂದ. ಒಳಗೆ ಕಾಲಿಟ್ಟವನೇ, ಮನೆಗೆ ನೀರು ಬರುವ ಮುಖ್ಯ ವಾಲ್ ಎಲ್ಲಿದೆ, ಮೊದಲು ಅದನ್ನು ಬಂದ್ ಮಾಡಬೇಕು ಎಂದ. ಹದಿನೆಂಟು ವರ್ಷ ಆ ಮನೆಯಲ್ಲಿ ಬಾಳಿದ ಪ್ರಣತಿ ಗಂಡನ ಮುಖ ನೋಡಿದಳು. ಅವನಿಗೂ ಗೊತ್ತಿರಲಿಲ್ಲ. ಪರಸಪ್ಪ ಅಂಗಳ ಅಗೆದು ನೋಡಿದ. ವಾಲ್ ಇರಲೇ ಇಲ್ಲ. ಪೈಪು ತಾನೇ ಮಾಯುವಾಗ ಅದೇಕೆಂದು ಮನೆ ಕಟ್ಟಿದವರು ಬಿಟ್ಟಿದ್ದರು.

ಗೋಡೆ ಒಡೆದು, ನೀರು ಚಿಮ್ಮೀತೆಂದು ಎಲ್ಲರನ್ನೂ ದೂರ ನಿಲ್ಲಿಸಿ ಅವನು ಪೈಪಿಗೆ ಗರಗಸ ಹಚ್ಚಿದ. ಪೈಪು ತುಂಡಾಯಿತು. ನಾಲ್ಕು ಹನಿ ಬಿದ್ದವು, ಅಷ್ಟೇ. ಅವನು ತುಂಡನ್ನು ತಿರುಗಿಸಿ ಬೆಳಕಿಗೆ ಹಿಡಿದ. ಹೊರಗೆ ಹೊಸ ಪೈಪಿನಷ್ಟೇ ನುಣುಪು. ಒಳಗೆಲ್ಲ ಬಿಳಿ ಕಲ್ಲು. ನಟ್ಟನಡುವೆ ಸೂಜಿ ಹೋಗುವಷ್ಟು ತೂತು.

ಡಾ. ನದಾಫ ಪಡಸಾಲೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಆದದ್ದನ್ನು ಅವರು ಬಿಡಿಸಿ ಹೇಳಿದರು. ನೀರು ನಿಂತಾಗ ಪೈಪುಗಳ ತುಂಬ ಗಾಳಿ ಹೊಕ್ಕಿತ್ತು. ಆ ಜೀವಿಗಳಿಗೆ ಅದು ಬಿರುಕಿನ ಗಾಳಿಯೋ ಬರಿದಾದ ಪೈಪಿನ ಗಾಳಿಯೋ ಗೊತ್ತಾಗುವುದಿಲ್ಲ. ಐದಾರು ದಿನ ಕಳೆದು ಒಳಗಿನ ತೇವವೆಲ್ಲ ಆರಿದಮೇಲೆ, ಪೈಪಿನ ಉದ್ದಕ್ಕೂ ಗಾಯವಾಗಿದೆಯೆಂದು ಬಗೆದು ಎಲ್ಲ ಒಟ್ಟಿಗೆ ಎದ್ದು ಕುಳಿತವು. ಕಲ್ಲು ಕಟ್ಟಲು ಸುಣ್ಣವಿರಲಿಲ್ಲ, ಕಾದವು. ಹದಿನಾಲ್ಕನೆಯ ದಿನದ ನೀರು ಸುಣ್ಣ ತಂದುಕೊಟ್ಟಿತು; ಒಮ್ಮೆ ಎದ್ದವು ಕಲ್ಲು ಕಟ್ಟಿ ಮುಗಿಸದೆ ತಾವಾಗಿ ಮಲಗುವುದಿಲ್ಲ. ಧಾರೆ ಸಣ್ಣಗಾದ ಮೊದಲ ಸಂಜೆಯೇ ಹೊರಗಿನ ನೀರನ್ನು ಬಂದ್ ಮಾಡಿ, ಅವನ್ನು ಮತ್ತೆ ಮಲಗಿಸುವ ದ್ರಾವಣ ಬಿಟ್ಟಿದ್ದರೆ ಪೈಪು ಉಳಿಯುತ್ತಿತ್ತು. ಆಮ್ಲ ಹಾಕಿ ಕರಗಿಸಬಹುದೇ ಎಂದು ಪ್ರಣತಿ ಕೇಳಿದಳು. ಮುಚ್ಚಿಹೋದ ಪೈಪಿನೊಳಗೆ ಆಮ್ಲವೂ ಹೋಗುವುದಿಲ್ಲ ಎಂದರು ಅವರು. ಗೋಡೆ ಒಡೆದು ಇಡೀ ಪೈಪು ಕಿತ್ತು ಹೊಸದು ಹಾಕುವುದೊಂದೇ ದಾರಿ. ಅಂಥ ಮನೆಗಳು ಊರಿನಲ್ಲಿ ಇಪ್ಪತ್ತು ಸಾವಿರವಾದರೂ ಇದ್ದವು.

“ಇದನ್ನ ನೀವು ಮೊದಲ ನೋಡಿರಲಿಲ್ಲೇನ್ರಿ?” ಎಂದು ಪ್ರಣತಿ ಕೇಳಿದಳು.

“ಮೂರು ದಿನ ನೀರು ನಿಲ್ಲಿಸಿ ನೋಡಿದ್ದೆ. ಏನೂ ಆಗಿರಲಿಲ್ಲ. ಹದಿಮೂರು ದಿನ ನೋಡಲಿಲ್ಲ.” ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. “ಇಪ್ಪತ್ನಾಲ್ಕು ತಾಸು ನೀರು ಬರ್ತೈತಿ ಅಂತ ನಗರಸಭೆಯ ಕಾಗದದಾಗ ಬರದಿತ್ತು. ಅದನ್ನ ನಂಬಿದೆ.”

“ನಮ್ಮವ್ವ ಇದ ಊರಾಗ ಹದಿನೈದು ದಿನಕ್ಕೊಮ್ಮೆ ನೀರು ಹಿಡೀತಿದ್ಲರಿ. ಯಾರನ್ನರ ಕೇಳಿದ್ರ ಹೇಳ್ತಿದ್ರು.”

ಡಾ. ನದಾಫ ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಒಳಗಿನಿಂದ ಶಿವಯೋಗಿ ಕೆಮ್ಮುವುದು ಕೇಳಿಸಿತು. ಅವನ ಪಾದ ಬಾತು ಚಪ್ಪಲಿ ಹಿಡಿಸದಂತಾಗಿದ್ದವು. ವಿಜ್ಞಾನಿ ಎದ್ದುಹೋಗಿ ಅವನ ಹಾಸಿಗೆಯ ಬಳಿ ನಿಂತರು, ನಿಂತ ಯಂತ್ರವನ್ನೂ ಗೋಡೆಯನ್ನೂ ನೋಡಿದರು. ಅವರಿಗೆ ಮಾಡಲು ಅಲ್ಲಿ ಏನೂ ಇರಲಿಲ್ಲ. ಅದು ಪ್ರಣತಿಗೂ ಗೊತ್ತಿತ್ತು, ಶಿವಯೋಗಿಗೂ ಗೊತ್ತಿತ್ತು. ಅವನೇ, ನಿಂತೇ ಇದ್ದೀರಲ್ಲ, ಕುಂದರ್ರಿ ಎಂದ.

ಆ ದಿನ ಮಧ್ಯಾಹ್ನ ಅವನಿಗೆ ಉಸಿರು ಕಟ್ಟತೊಡಗಿತು. ಆಂಬುಲೆನ್ಸ್ ಬಂದು ಹುಬ್ಬಳ್ಳಿಗೆ ಒಯ್ದಿತು. ದಾರಿಯುದ್ದಕ್ಕೂ ಪ್ರಣತಿ ಅವನ ಕೈ ಹಿಡಿದು ಕುಳಿತಿದ್ದಳು. ಮೊದಲ ಸಂಜೆ ಬಕೆಟ್ಟಿನ ತಳದಲ್ಲಿ ಕಂಡ ಹರಳುಗಳೇ ಕಣ್ಣ ಮುಂದಿದ್ದವು. ಆರು ದಿನ ಅವನು ತೀವ್ರ ನಿಗಾ ಘಟಕದಲ್ಲಿದ್ದ. ಬದುಕಿ ಬಂದ. ಆದರೆ ಕೈಬೆರಳು ನಡುಗತೊಡಗಿದವು, ಹೊಲಿಗೆಯ ಸೂಜಿಗೆ ದಾರ ಪೋಣಿಸಲಾಗಲಿಲ್ಲ. ಪ್ರೆಸ್ಸಿನ ಕೆಲಸ ಅಲ್ಲಿಗೆ ಮುಗಿಯಿತು.

ಪೈಪು ಬದಲಿಸುವ ಕೆಲಸಕ್ಕೆ ಊರಿನಲ್ಲಿ ಸಿಕ್ಕವರು ಐದು ಜನ; ಅವರಲ್ಲಿ ಮೂವರಿಗೆ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಡಾ. ನದಾಫ ಊರಲ್ಲೇ ಕೋಣೆ ಹಿಡಿದು ಉಳಿದರು. ದಿನವೂ ಒಂದೊಂದು ಓಣಿಗೆ ಹೋಗಿ, ಬೈದವರ ಬೈಗುಳ ಕೇಳಿ, ಮನೆಗಳ ಪಟ್ಟಿ ಮಾಡುತ್ತಿದ್ದರು. ಪರಸಪ್ಪ ಬಾಳೆಹಣ್ಣಿನ ಅಂಗಡಿಯನ್ನು ತಂಗಿಗೆ ಬಿಟ್ಟುಕೊಟ್ಟು, ಹತ್ತು ಮಂದಿ ಗಂಡಸರಿಗೂ ಹೆಂಗಸರಿಗೂ ಕೆಲಸ ಹೇಳಿಕೊಡತೊಡಗಿದ. ಪ್ರಣತಿಯ ಮನೆಗೆ ಪಾಳಿ ಬರಲು ಎರಡು ವರ್ಷವಾದರೂ ಬೇಕಿತ್ತು. ಗಂಡ ಹೆಂಡತಿ ಹಳೆಯ ಓಣಿಯಲ್ಲಿ, ಗೋಡೆಯ ಹೊರಗೆ ಕಬ್ಬಿಣದ ಪೈಪು ಹಾಯ್ದ ಬಾಡಿಗೆ ಮನೆಯೊಂದಕ್ಕೆ ಹೋದರು. ಅಲ್ಲಿಯ ತುಕ್ಕಿನ ನೀರು ಯಂತ್ರಕ್ಕೆ ಒಗ್ಗದ್ದರಿಂದ, ಡಯಾಲಿಸಿಸ್‌ಗೆ ವಾರಕ್ಕೆ ಮೂರು ಸಲ ಹುಬ್ಬಳ್ಳಿಯ ರೈಲು ಹತ್ತಬೇಕಾಯಿತು.

ದೀಪಾವಳಿಯ ರಜೆ ಮುಗಿದು ಶಾಲೆ ಶುರುವಾದಾಗ ಪ್ರಣತಿ ಆರನೆಯ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟಳು. ನಿಮ್ಮ ಮನೆಗೆ ನೀರು ಎಲ್ಲಿಂದ ಬರುತ್ತದೆ, ಯಾವ ದಾರಿಯಲ್ಲಿ ಬರುತ್ತದೆ, ಅದನ್ನು ಎಲ್ಲಿ ಬಂದ್ ಮಾಡಬೇಕು ಎಂದು ಕೇಳಿ ತಿಳಿದು ಚಿತ್ರ ಬರೆದುಕೊಂಡು ಬನ್ನಿ ಎಂದಳು. ಮರುದಿನ ನಲವತ್ತೊಂದು ಹಾಳೆ ಬಂದವು. ಹೆಚ್ಚಿನವುಗಳಲ್ಲಿ ಅಡುಗೆಮನೆಯ ನಳ ಚೆಂದಾಗಿ ಮೂಡಿತ್ತು. ನಳದಿಂದ ಹೊರಟ ಗೆರೆ ಗೋಡೆಯವರೆಗೆ ಹೋಗಿ ನಿಂತಿತ್ತು. ಅಪ್ಪನಿಗೂ ಗೊತ್ತಿಲ್ಲ, ಅವ್ವನಿಗೂ ಗೊತ್ತಿಲ್ಲ ಎಂದು ಮಕ್ಕಳು ಹೇಳಿದರು. ಗೆರೆಯನ್ನು ಬೀದಿಯವರೆಗೆ ಎಳೆದು ತಂದವರು ಏಳು ಮಂದಿ.

ಮುಂದಿನ ಬೆಂಚಿನ ಸಾನಿಯಾ ಎಂಬ ಹುಡುಗಿ ಎದ್ದು ನಿಂತಳು. “ನಿಮ್ಮ ಮನ್ಯಾಗ ಎಲ್ಲೈತ್ರಿ, ಟೀಚರ್?”

ನೋಡಿಕೊಂಡು ಬಂದು ನಾಳೆ ಹೇಳುತ್ತೇನೆ ಎಂದಳು ಪ್ರಣತಿ. ಬಾಡಿಗೆ ಮನೆಗೆ ಬಂದು ಎರಡು ತಿಂಗಳಾಗಿತ್ತು. ಅಷ್ಟೆಲ್ಲ ಆದಮೇಲೂ ಅವಳು ನೋಡಿರಲಿಲ್ಲ.

ಶಾಲೆ ಬಿಟ್ಟೊಡನೆ ಮನೆಗೆ ಬಂದು ಹಿತ್ತಲಿಗೆ ಹೋದಳು. ಗೋಡೆಯ ಮೇಲಿನ ಪೈಪನ್ನು ಕೈಯಿಂದ ಸವರುತ್ತ ಕೆಳಗಿಳಿದು, ಬಟ್ಟೆ ಒಗೆಯುವ ಕಲ್ಲಿನ ಹಿಂದೆ, ಒಂದು ಗೇಣು ಮಣ್ಣಿನಡಿಯಲ್ಲಿ ಹಿತ್ತಾಳೆಯ ವಾಲನ್ನು ಕಂಡಳು. ಮಣ್ಣು ಒರೆಸಿ ಎರಡೂ ಕೈಯಿಂದ ಹಿಡಿದು ತಿರುಗಿಸಿದಳು. ಅದು ಜಗ್ಗಲಿಲ್ಲ. ಅಂಗೈ ಕೆಂಪಾಯಿತು. ಕಲ್ಲೆತ್ತಿಕೊಂಡು ಬಡಿಯಬೇಕೆನ್ನಿಸಿತು, ಕೈಗೆ ಕಲ್ಲನ್ನೂ ತೆಗೆದುಕೊಂಡಳು. ಆಮೇಲೆ ಅದನ್ನು ಕೆಳಗಿಟ್ಟು ಪರಸಪ್ಪನಿಗೆ ಫೋನ್ ಮಾಡಿದಳು.

“ಬಲಾ ಹಾಕಬ್ಯಾಡ್ರಿ ಟೀಚರ್ ಬಾಯಾರ, ಮುರದ್ರ ಓಣ್ಯಾಗಿನ ನೀರೆಲ್ಲ ನಿಮ್ಮ ಮನ್ಯಾಗ ಬರ್ತೈತಿ,” ಎಂದ ಅವನು. “ಎಣ್ಣಿ ಬಿಟ್ಟ ಇಡ್ರಿ. ಏನರ ಸೋರಾಕ ಹತ್ತೈತೇನು?”

“ಇಲ್ಲ ಕಾಕಾ, ಏನೂ ಸೋರವಲ್ದು. ಎಲ್ಲಾ ಬರೋಬರಿ ಐತಿ.”

ಇಷ್ಟು ವರ್ಷದ ಕಸುಬಿನಲ್ಲಿ, ಎಲ್ಲ ಸರಿಯಿರುವಾಗ ತನ್ನನ್ನು ಕರೆದವರು ಯಾರೂ ಇಲ್ಲ ಎಂದ ಪರಸಪ್ಪ. ತನ್ನ ಕೈಯಲ್ಲಿ ಇನ್ನೂರು ಮನೆಗಳಿವೆ, ಆದರೂ ಒಂದು ದಿನ ಬಿಡುವು ಮಾಡಿಕೊಂಡು ಬಂದು ಸಡಿಲು ಮಾಡಿಕೊಡುತ್ತೇನೆ, ಯಾವತ್ತೆಂದು ಮಾತ್ರ ಹೇಳಲಾರೆ ಎಂದ.

ಪ್ರಣತಿ ಒಳಗಿನಿಂದ ಎಣ್ಣೆಯ ಬಟ್ಟಲು ತಂದು ವಾಲಿನ ಕುತ್ತಿಗೆಗೆ ಹನಿಹನಿಯಾಗಿ ಬಿಟ್ಟಳು. ಬಿಸಿಲು ಇನ್ನೂ ಇತ್ತು. ಕಿಟಕಿಯಲ್ಲಿ ಶಿವಯೋಗಿ ನಿಂತು ನೋಡುತ್ತಿದ್ದ. ಅವಳು ವಾಲಿರುವ ಜಾಗವನ್ನು ಬೆರಳು ಮಾಡಿ ಅವನಿಗೆ ತೋರಿಸಿದಳು. ಅವನು ಹೊರಗೆ ಬಂದು, ಗೋಡೆ ಹಿಡಿದು ನಿಧಾನ ಬಗ್ಗಿ, ತಾನೂ ಒಮ್ಮೆ ಮುಟ್ಟಿ ನೋಡಿದ.